ತಂತಿಯಿಲ್ಲದ ಚಾರ್ಜರ್ ಮತ್ತು ತಾಮ್ರದ ತಗಡು

ರಾತ್ರಿಯೆಲ್ಲ ಚಾರ್ಜಿಗೆ ಇಟ್ಟ ಫೋನು ಬೆಳಿಗ್ಗೆ ಎದ್ದು ನೋಡಿದರೆ ಕಪ್ಪಾಗಿ ಮಲಗಿರುತ್ತದೆ. ನಾವು ಒಂದಿಷ್ಟು ಬೇಸರಪಟ್ಟು, ಕಾಫಿ ಕುಡಿದು, ಅದನ್ನು ಮರೆಯುತ್ತೇವೆ. ದಟ್ಟಗಳ್ಳಿಯ ಸಿದ್ದಲಿಂಗಮ್ಮನವರಿಗೆ ಮಾತ್ರ ಅದು ಮರೆಯುವ ಸಂಗತಿಯಾಗಿರಲಿಲ್ಲ.

ಅವರ ಯಜಮಾನರಾದ ಷಡಕ್ಷರಿಯವರು ಇನ್ಸುಲಿನ್ ತೆಗೆದುಕೊಳ್ಳುವವರು. ನಿದ್ದೆಯಲ್ಲಿ ಒಮ್ಮೊಮ್ಮೆ ಸಕ್ಕರೆಯ ಮಟ್ಟ ತೀರ ಕೆಳಗಿಳಿಯುತ್ತಿತ್ತು. ಅದಕ್ಕೆಂದೇ ಡಾಕ್ಟರು ಅವರ ತೋಳಿಗೊಂದು ಪುಟ್ಟ ಸೆನ್ಸರ್ ಅಂಟಿಸಿದ್ದರು. ಸಕ್ಕರೆ ಇಳಿದರೆ ಅದು ಫೋನಿಗೆ ತಿಳಿಸುತ್ತದೆ. ಫೋನು ಕೂಗಿ ಮನೆಯವರನ್ನು ಎಚ್ಚರಿಸುತ್ತದೆ. ಫೋನೇ ಆರಿಹೋಗಿದ್ದರೆ ಕೂಗುವವರಿಲ್ಲ. ಒಂದು ಸೋಮವಾರ ಬೆಳಗಿನ ಜಾವ ಆದದ್ದು ಅದೇ. ಸಿದ್ದಲಿಂಗಮ್ಮನವರು ಪೂಜೆಗೆಂದು ಬೇಗ ಎದ್ದದ್ದರಿಂದ, ಬೆವರಿನಲ್ಲಿ ತೊಯ್ದು ಏನೇನೋ ತೊದಲುತ್ತಿದ್ದ ಗಂಡನನ್ನು ಕಂಡು, ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡರು.

ಚೇತರಿಸಿಕೊಂಡ ಷಡಕ್ಷರಿಯವರ ಕೋಪವೆಲ್ಲ ಚಾರ್ಜರಿನ ಮೇಲೆ ತಿರುಗಿತು. ಫೋನಿಗೆ ವೈರು ಚುಚ್ಚುವ ಜಾಗ ಸಡಿಲವಾಗಿದೆಯೆಂದು, ಕಡಕೊಳದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಮಗಳು ಲಾಸ್ಯ ಈ ವೈರ್‌ಲೆಸ್ ಚಾರ್ಜರನ್ನು ತಂದಿದ್ದಳು. ಅಂಗೈಯಗಲದ ಕಪ್ಪು ಬಿಲ್ಲೆ. ಫೋನನ್ನು ಅದರ ಮೇಲೆ ಮಲಗಿಸಿದರೆ ಸಾಕು.

“ವೈರೇ ಇಲ್ದೆ ಕರೆಂಟು ಗಾಳೀಲಿ ಹಾರ್ಕೊಂಡು ಬತ್ತದಾ? ಈ ನಿಪ್ಪಟ್ಟನ್ನ ನಂಬ್ಕೊಂಡು ನಾನು ಮಲಗ್ಬೇಕಾ? ತೋಳಿಂದೂ ಬೇಡ, ಇದೂ ಬೇಡ. ಎಲ್ಲಾ ಕಿತ್ತಾಕಿಸ್ಬುಡ್ತೀನಿ!”

“ಸ್ವಲ್ಪ ಸುಮ್ನಿರ್ರೀ. ನಿಪ್ಪಟ್ಟು ಏನ್ ತಪ್ಪು ಮಾಡ್ತು ಅಂತ ಮೊದ್ಲು ತಿಳ್ಕೊಳೋಣ.”

ಹಟ ಹಿಡಿದರೆ ಬಿಡುವ ಮನುಷ್ಯನಲ್ಲ. ಸೆನ್ಸರನ್ನು ತೆಗೆಸಿಬಿಟ್ಟರೆ ಮುಂದಿನ ಇರುಳುಗಳ ಗತಿಯೇನು? ಆ ಭಯದ ಜೊತೆಗೇ ಸಿದ್ದಲಿಂಗಮ್ಮನವರಲ್ಲಿ ಒಂದು ಕುತೂಹಲವೂ ಇತ್ತು. ಫೋನಿಗೂ ಬಿಲ್ಲೆಗೂ ನಡುವೆ ಎಷ್ಟೋ ಸಲ ಬೆರಳು ತೂರಿಸಿ ನೋಡಿದ್ದರು. ಏನೂ ತಾಕುತ್ತಿರಲಿಲ್ಲ. ಏನೂ ಇಲ್ಲದ ಆ ಎಡೆಯಲ್ಲಿ ಹಾದುಹೋಗುವುದಾದರೂ ಏನು?

ಪಕ್ಕದ ಮನೆಯ ಮೈತ್ರೇಯಿ ಸರಸ್ವತಿಪುರಂನ ಟ್ಯುಟೋರಿಯಲ್ಲಿನಲ್ಲಿ ಭೌತಶಾಸ್ತ್ರ ಕಲಿಸುವವಳು. ಕರೆದೊಡನೆ ಬಂದಳು, ಕೈಯಲ್ಲಿ ಸುರುಳಿ ಸುತ್ತಿದ ಸಣ್ಣ ತಂತಿ, ಅದರ ತುದಿಗಳಿಗೆ ಸೇರಿಸಿದ ಸಾಸಿವೆಯಂಥ ದೀಪ.

“ಬನ್ನಿ ಮೇಡಮ್ಮೋರೇ, ನಮ್ಮ ನಿಪ್ಪಟ್ಟಿನ ಜಾತಕ ನೋಡಿ,” ಎಂದರು ಷಡಕ್ಷರಿ.

ಮೈತ್ರೇಯಿ ನಗುತ್ತ ಸುರುಳಿಯನ್ನು ಬಿಲ್ಲೆಯ ಮೇಲೆ ಇರಿಸಿದಳು. ದೀಪ ಮಿನುಗಿತು. ಆರಿತು. ಮತ್ತೆ ಮಿನುಗಿತು.

“ಅಯ್ಯೋ ಶಿವನೇ! ಎಲ್ಲೂ ವೈರೇ ಇಲ್ವಲ್ಲಮ್ಮ!”

“ಬಿಲ್ಲೆ ಒಳಗೂ ಇಂಥದೇ ಸುರುಳಿ ಇದೆ ಆಂಟಿ. ಅದರಲ್ಲಿ ಕರೆಂಟು ಹಿಂದಕ್ಕೂ ಮುಂದಕ್ಕೂ ಹರಿದಾಗ ಸುತ್ತ ಅಯಸ್ಕಾಂತದ ಶಕ್ತಿ ಏಳುತ್ತೆ, ಇಳಿಯುತ್ತೆ. ಹತ್ತಿರದಲ್ಲಿ ಇನ್ನೊಂದು ಸುರುಳಿ ಇದ್ರೆ ಅದರಲ್ಲೂ ಕರೆಂಟು ಹುಟ್ಟುತ್ತೆ. ನಿಮ್ಮ ಫೋನಿನ ಬೆನ್ನೊಳಗೂ ಒಂದು ಸುರುಳಿ ಇದೆ.”

“ಮತ್ತೆ ದೀಪ ಯಾಕೆ ಆರಿ ಆರಿ ಹತ್ತುತ್ತೆ?”

“ಯಾರಾದ್ರೂ ಬಂದಿದ್ದೀರಾ ಅಂತ ಬಿಲ್ಲೆ ಆಗಾಗ ವಿಚಾರಿಸುತ್ತೆ. ಫೋನು ತನ್ನ ಗುರುತು ಹೇಳಿದ್ರೆ ಮಾತ್ರ ಪೂರ್ತಿ ಶಕ್ತಿ ಕೊಡುತ್ತೆ.”

ಸಿದ್ದಲಿಂಗಮ್ಮನವರು ಬಾಗಿ ಆ ಬೆಳಕನ್ನೇ ನೋಡಿದರು. ಕಾಣದ ಕೈಯೊಂದು ಕಾಣದ ಕದವನ್ನು ಮೆಲ್ಲನೆ ತಟ್ಟುತ್ತಿರುವಂತಿತ್ತು.

“ಅಂಗಾದ್ರೆ ನಮ್ಮ ಫೋನು ಮೂಗೀನಾ?” ಎಂದು ಕೆಣಕಿದರು ಷಡಕ್ಷರಿ.

“ಮೊದಲು ಸರಿಯಾಗಿ ಚಾರ್ಜ್ ಆಗ್ತಿತ್ತಾ ಆಂಟಿ?”

“ತಂದ ಹೊಸದ್ರಲ್ಲಿ ಆಗ್ತಿತ್ತು ಕಣಮ್ಮ. ಈಗ ಇಟ್ಟ ತಕ್ಷಣ ಕೆಂಪು ದೀಪ ಮಿಟುಕಿಸ್ತದೆ. ಕೆಲಸ ಮಾಡ್ತಾ ಅದೆ ಅಂದ್ಕೊಂಡು ಮಲಗ್ಬುಟ್ಟೆ.”

“ಈ ಬಿಲ್ಲೇಲಿ ಕೆಂಪು ಮಿಟುಕಿದ್ರೆ ಏನೋ ಅಡ್ಡ ಇದೆ ಅಂತ ಅರ್ಥ. ಕವರ್ ಒಳಗೆ ಲೋಹದ್ದು ಏನಾದ್ರೂ ಇಟ್ಟಿದ್ದೀರಾ?”

“ಏನೂ ಇಲ್ವಲ್ಲಮ್ಮ,” ಎಂದರು ಸಿದ್ದಲಿಂಗಮ್ಮ, ನಿಜವೆಂದೇ ನಂಬಿ.

ಮೈತ್ರೇಯಿ ಫೋನಿನ ಕವರನ್ನು ಬಿಡಿಸಿದಳು. ಲಿಂಗದ ಗೆರೆಚಿತ್ರವಿದ್ದ ತೆಳುವಾದ ತಾಮ್ರದ ತಗಡೊಂದು ಜಾರಿ ಅವಳ ಅಂಗೈಗೆ ಬಿತ್ತು.

“ಅದು ಲೋಹ ಅಲ್ಲ ಕಣಮ್ಮ, ಮಠದ ಪ್ರಸಾದ,” ಎಂದ ಸಿದ್ದಲಿಂಗಮ್ಮನವರ ದನಿ ಇಳಿಯಿತು. “ಇವರನ್ನ ಫೋನು ಕಾಯ್ತದೆ. ಆ ಫೋನನ್ನ ಕಾಯೋರ್ಯಾರು ಅಂತ... ಮೊನ್ನೆ ತಂದು ನಾನೇ ಇಟ್ಟೆ.”

ಗೇಲಿಗೆಂದು ಬಾಯಿ ತೆರೆದ ಷಡಕ್ಷರಿಯವರು ಅದನ್ನು ಬಿಟ್ಟು ಬಾಗಿ ಆ ತಗಡನ್ನೇ ನೋಡಿದರು.

“ಇಟ್ಟ ಮನಸ್ಸು ದೊಡ್ಡದು ಆಂಟಿ, ಜಾಗ ಮಾತ್ರ ಸರಿಯಿಲ್ಲ,” ಎಂದಳು ಮೈತ್ರೇಯಿ. “ನಡುವೆ ತಗಡು ಬಂದ್ರೆ ಶಕ್ತಿ ಫೋನಿಗೆ ತಲುಪಲ್ಲ, ತಗಡೇ ಬಿಸಿ ಆಗುತ್ತೆ. ಇದು ಒಳ್ಳೇ ಬಿಲ್ಲೆ, ಅಡ್ಡ ಇದೆ ಅಂತ ತಿಳಿದು ತಾನೇ ನಿಂತುಬಿಟ್ಟಿದೆ. ಕಳಪೆಯದಾಗಿದ್ರೆ ಕಾದು ಫೋನೇ ಹಾಳಾಗ್ತಿತ್ತು, ಕೈಯೂ ಸುಡ್ತಿತ್ತು.”

“ಅದನ್ನ ನನ್ನ ಜೇಬಿಗೆ ಕೊಡೇ. ಕಾಯ್ಬೇಕಾದ್ದು ನನ್ನನ್ನೇ ಅಲ್ವಾ?”

“ನಿಮ್ಮ ಜೇಬು ಸೀದಾ ವಾಷಿಂಗ್ ಮೆಷೀನಿಗೆ ಹೋಗ್ತದೆ. ದೇವರ ಮನೇಲೇ ಇರ್ಲಿ ಬುಡಿ.”

ಬರಿಯ ಕವರಿನ ಫೋನನ್ನು ಬಿಲ್ಲೆಯ ನಡುಮಧ್ಯಕ್ಕೆ ಇಟ್ಟಾಗ ಪರದೆಯ ಮೇಲೆ ಚಾರ್ಜಿನ ಗುರುತು ಮೂಡಿತು. ಷಡಕ್ಷರಿಯವರು ಅರೆಮನಸ್ಸಿನಿಂದ, “ಈ ವಾರ ನೋಡ್ತೀನಿ, ಆಮೇಲೆ ಕಿತ್ತಾಕ್ಸೋದೇ,” ಎಂದರು.

ವಾರ ಮುಗಿಯಲಿಲ್ಲ. ಒಂದು ಮಧ್ಯಾಹ್ನ ಅವರು ಇನ್ಸುಲಿನ್ ತೆಗೆದುಕೊಂಡ ಮೇಲೆ ಊಟ ಸೇರದೆ ಎರಡೇ ತುತ್ತು ತಿಂದು ಮಲಗಿದ್ದರು. ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದ ಸಿದ್ದಲಿಂಗಮ್ಮನವರಿಗೆ ಫೋನಿನ ಕೂಗು ಕೇಳಿಸಿತು. ಓಡಿಬಂದರು. ಗಂಡನ ಹಣೆ ಒದ್ದೆಯಾಗಿತ್ತು, ಕೈ ನಡುಗುತ್ತಿತ್ತು; ಆದರೆ ಮಾತು ಇನ್ನೂ ತಪ್ಪಿರಲಿಲ್ಲ. ಸಕ್ಕರೆ ನೀರಿನ ಲೋಟವನ್ನು ತಾವೇ ಹಿಡಿದು ಕುಡಿದರು.

ಸುಧಾರಿಸಿಕೊಂಡ ಮೇಲೆ ಬಿಲ್ಲೆಯ ಕಡೆಗೊಮ್ಮೆ ನೋಡಿ, ಗೋಡೆಯತ್ತ ಮುಖ ತಿರುಗಿಸಿ ಕೇಳಿದರು: “ತೋಳಿನ ಈ ಸೆನ್ಸರು ಹಳೇದಾದ್ರೆ ಹೊಸದು ಹಾಕಿಸ್ಬೇಕಲ್ವಾ? ಯಾವತ್ತು ಅಂತ ಜ್ಞಾಪಕ ಮಾಡೇ.”

ಬಂಧುಗಳೇ, ತಂತಿಯಿಲ್ಲದ ಚಾರ್ಜರ್ ಮಾಟವಲ್ಲ, ಮೋಸವೂ ಅಲ್ಲ. ಒಳ್ಳೆಯ ಗುಣಮಟ್ಟದ್ದನ್ನೇ ಕೊಳ್ಳಿ. ಫೋನನ್ನು ಬಿಲ್ಲೆಯ ನಡುವೆ ಇಟ್ಟು, ಚಾರ್ಜಿನ ಗುರುತು ಕಂಡ ಮೇಲೆಯೇ ಕೈ ತೆಗೆಯಿರಿ. ದಿಂಬಿನ ಕೆಳಗೆ, ಹಾಸಿಗೆಯ ಮೇಲೆ ಅದನ್ನು ಇಡಬೇಡಿ; ಮುಟ್ಟಲಾಗದಷ್ಟು ಬಿಸಿಯಾದರೆ ಬಳಕೆ ನಿಲ್ಲಿಸಿ. ಮನೆಯಲ್ಲಿ ಎದೆಗೆ ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಚಾರ್ಜರನ್ನು ಅವರ ಎದೆಯ ಸಮೀಪ ತರಬೇಡಿ, ಅವರ ಡಾಕ್ಟರನ್ನೂ ಒಮ್ಮೆ ಕೇಳಿ. ಇದನ್ನು ಓದಿ ಮುಗಿಸಿದೊಡನೆ ನಿಮ್ಮ ಫೋನಿನ ಕವರನ್ನು ಬಿಡಿಸಿ ನೋಡಿ. ನಾಣ್ಯವೋ ಕಾರ್ಡೋ ತಾಯಿತವೋ, ಪ್ರೀತಿಯಿಂದ ಅಲ್ಲಿ ಏನನ್ನು ಇಟ್ಟು ಮರೆತಿದ್ದೀರೋ, ಯಾರಿಗೆ ಗೊತ್ತು.