ಕತ್ತೆಯ ಮೇಲಿನ ಎರಡು ಚೀಲ

ಅದು ಅರವತ್ತೇಳರ ಬೇಸಿಗೆ. ಅಕ್ಕಿಯನ್ನು ಜಿಲ್ಲೆಯಿಂದ ಹೊರಗೆ ಸಾಗಿಸಬಾರದೆಂಬ ಕಟ್ಟಪ್ಪಣೆಯಿತ್ತು. ತಮಿಳು ಸೀಮೆಯ ಪಾಪಿರೆಡ್ಡಿಪಟ್ಟಿಯ ಕಡೆಯಿಂದ ಬೆಟ್ಟ ಹತ್ತುವ ಮಣ್ಣುದಾರಿಗೆ ಬಿದಿರಿನ ಗಳವೊಂದನ್ನು ಅಡ್ಡ ಕಟ್ಟಿಕೊಂಡು, ಬಂದೂಕು ಹಿಡಿದ ಕಾವಲು ಪಡೆಯೊಂದು ಬೀಡುಬಿಟ್ಟಿತ್ತು.

ಮಾದಪ್ಪ ಆ ಪಡೆಯ ದಿನಗೂಲಿ. ಕುತ್ತೂಸಿ ಹಿಡಿಯುವುದು ಅವನ ಕೆಲಸ. ಅದು ಟೊಳ್ಳಾದ ಚೂಪು ಕಬ್ಬಿಣ; ಮೂಟೆಗೆ ಚುಚ್ಚಿ ಎಳೆದರೆ ಒಳಗಿನ ಕಾಳು ಅದರ ಹೊಟ್ಟೆಯಲ್ಲಿ ಬರುತ್ತಿತ್ತು. ಮೂಟೆ ಬಿಚ್ಚುವ ರೂಢಿ ಅಲ್ಲಿರಲಿಲ್ಲ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದ ಮಾದಪ್ಪ ತನ್ನ ಕನ್ನಡದ ಜನರನ್ನು ಸುಮ್ಮನೆ ಬಿಡುತ್ತಾನೆಂದು ಅಧಿಕಾರಿ ಈಶ್ವರನ್‌ಗೆ ಗುಮಾನಿ. ಅದು ಸುಳ್ಳೂ ಅಲ್ಲ, ಒಮ್ಮೆ ಬಿಟ್ಟಿದ್ದ. ಇನ್ನೊಮ್ಮೆ ಹಾಗಾದರೆ ಖಾಯಂ ನೌಕರಿ ಇಲ್ಲ, ಜೈಲಿಗೂ ಕಳಿಸುತ್ತೇನೆ ಎಂದು ಈಶ್ವರನ್ ಅಂದು ಬೆಳಿಗ್ಗೆಯೇ ಹೇಳಿದ್ದ.

ಮಧ್ಯಾಹ್ನ ಗಂಗಲಕ್ಷ್ಮಮ್ಮ ಕತ್ತೆ ಹೊಡೆದುಕೊಂಡು ಬಂದಳು. ಮಾದಪ್ಪನ ತಾಯಿಯ ತಂಗಿ. ಕತ್ತೆಯ ಎರಡೂ ಪಕ್ಕಕ್ಕೆ ಬಾಯಿ ಕಟ್ಟಿದ ಕಂಬಳಿ ಚೀಲಗಳು ಜೋತಿದ್ದವು.

"ಮರಿ ಅವೆ ಕಣ್ಲಾ ಮಾದ. ಮೇಲ್ಗಡೆ ಮಂದೇಲಿ ಒಂದು ಕುರಿ ತನ್ ಮರೀನ ಕಳ್ಕಂಡೈತೆ, ಅದ್ರ ಹಾಲಿಗೆ ಇವನ್ನ ಬಿಡಾನ ಅಂತ."

ಎಳೆಮರಿಯ ಚೀಲವಾದರೆ ತಾಯಿಕುರಿ ಅರಚುತ್ತಾ ಹಿಂದೆಯೇ ಬರಬೇಕು. ಇಲ್ಲಿ ಬಂದಿರಲಿಲ್ಲ. ಕೇಳಿದರೆ ಸತ್ತಿತು ಎಂದಳು. ಸತ್ತ ಕುರಿಯ ತೊಗಲನ್ನು ಯಾವ ಕುರುಬನೂ ಬಿಡುವುದಿಲ್ಲ. ಕತ್ತೆಯ ಮೇಲೆ ತೊಗಲೂ ಇರಲಿಲ್ಲ.

"ತೊಗಲೆಲ್ಲಿ ಚಿಕ್ಕವ್ವ?"

"ಒಟ್ಟೆ ಉಬ್ಬಿ, ಮೂಗ್ನಾಗೆ ರಕ್ತ ಬಂದು ಸತ್ತಿದ್ದು. ಅಂಗೇ ಊತು ಬಂದೆ."

ಮಾದಪ್ಪ ಮಂದೆ ಬಿಟ್ಟಾಗ ಎಂಟು ವರ್ಷದವನು. ಅಂಥ ಅಂಟುರೋಗದ ಕುರಿಯನ್ನು ಯಾರೂ ಸುಲಿಯುವುದಿಲ್ಲ ಎಂಬುದನ್ನು ಕಲಿಯುವಷ್ಟು ದಿನ ಅವನು ಅಲ್ಲಿರಲಿಲ್ಲ. ಚಿಕ್ಕವ್ವ ಸುಳ್ಳು ಹೇಳುತ್ತಿದ್ದಾಳೆ, ತನ್ನ ಅನ್ನಕ್ಕೆ ಕಲ್ಲು ಹಾಕುತ್ತಿದ್ದಾಳೆ ಎಂದುಕೊಂಡ. ಅವಳು ಕೈ ಹಿಡಿಯುವಷ್ಟರಲ್ಲಿ ಎಡಚೀಲಕ್ಕೆ ಕುತ್ತೂಸಿಯನ್ನು ಹಿಡಿಯವರೆಗೂ ಇಳಿಸಿದ.

ಅಕ್ಕಿಯ ಕರಕರ ಕೈಗೆ ಸಿಗಲಿಲ್ಲ. ಚೀಲ ಒಮ್ಮೆ ಒದರಿ ಅರಚಿತು. ಅದಕ್ಕೆ ಬಲಚೀಲ ಉತ್ತರ ಕೊಟ್ಟಿತು. ಚಿಕ್ಕವ್ವ ಕುಡಿಸಿದ್ದ ಮೇಕೆಹಾಲಿಗೆ ಮಲಗಿದ್ದ ಎರಡನೆಯ ಮರಿ ಎದ್ದಿತ್ತು.

ಮಾದಪ್ಪ ಕುತ್ತೂಸಿ ಎಳೆದುಕೊಂಡು ಹಿಂದೆ ಸರಿದ. ಇನ್ನೊಂದು ಚೀಲವೂ ಆಗಲಿ ಎಂದು ಈಶ್ವರನ್ ಕುರ್ಚಿಯಿಂದಲೇ ತಮಿಳಿನಲ್ಲಿ ಹೇಳಿದ. ಒಂದರಲ್ಲಿ ಮರಿ, ಇನ್ನೊಂದರಲ್ಲಿ ಅಕ್ಕಿ ತುಂಬುವ ಕಳ್ಳರನ್ನು ತಾನು ಕಂಡಿದ್ದೇನೆ ಎಂದ.

"ಕೂಗ್ತಾ ಐತೆ ಸಾರ್. ಬಿಚ್ಚಿ ತೋರಿಸ್ತೀನಿ."

"ನನಗೇನೂ ಕೇಳಿಸಲಿಲ್ಲ," ಎಂದ ಈಶ್ವರನ್.

ಬಂದೂಕಿನವರು ನಕ್ಕರು. ಮರಿ ಮತ್ತೆ ಕೂಗಿತು. ಗಂಗಲಕ್ಷ್ಮಮ್ಮ ಬಲಚೀಲವನ್ನು ಎರಡೂ ಕೈಯಿಂದ ತಬ್ಬಿದಳು. ಇಬ್ಬರು ಅವಳನ್ನು ಜಡೆ ಹಿಡಿದು ಆಚೆಗೆ ಎಳೆದರು. ಮಾದಪ್ಪ ಯಾರ ಮುಖವನ್ನೂ ನೋಡದೆ ಚುಚ್ಚಿದ. ಒಂದು ಸಲಕ್ಕೆ ಕೂಗು ನಿಲ್ಲಲಿಲ್ಲ. ಮತ್ತೊಮ್ಮೆ ಚುಚ್ಚಿದ.

ಇವನು ಈಗ ನಮ್ಮವನು ಎಂದ ಈಶ್ವರನ್. ಸಂಜೆಯ ಸಾರಿಗೆ ಎಳೆಮಾಂಸವಾಯಿತು, ಸುಲಿಯಲು ಗೊತ್ತಿರುವವನೂ ಇದ್ದಾನೆ ಎಂದು ಮಾದಪ್ಪನ ಕಡೆಗೆ ಚಾಕು ಎಸೆದ.

ಅವನು ಹುಣಸೆಮರದ ಕೆಳಗೆ ಕೂತು ಸುಲಿದ. ಗಂಗಲಕ್ಷ್ಮಮ್ಮ ಮುಗಿಯುವವರೆಗೂ ನಿಂತಿದ್ದಳು. ಆಮೇಲೆ ಖಾಲಿ ಚೀಲಗಳನ್ನು ಮಡಿಸಿ ಕತ್ತೆಯ ಮೇಲೆ ಹಾಕಿದಳು.

"ತೊಗಲು ಕೇಳ್ದಲ್ಲ," ಎಂದಳು. "ಮಡಿಕ್ಕೋ."

ಮಾದಪ್ಪ ಎರಡು ಪುಟ್ಟ ತೊಗಲುಗಳನ್ನು ದಾರಿಯ ಅಡ್ಡಗಳದ ಮೇಲೆ ಒಣಗಲು ಹರವಿದ. ಅವಳಿಗೆ ದಾರಿ ಬಿಡಲು ಆ ಗಳವನ್ನೇ ಎತ್ತಬೇಕಿತ್ತು. ಎತ್ತಿದ.