ಅಳಿವೆ ಬಾಯಿಯ ಬೆಂಕಿ

೧
ಎಲ್ಲಿಂದ ಶುರು ಮಾಡಲಿ ಎಂಬುದೇ ನನ್ನ ತೊಂದರೆ. ಯುದ್ಧದ ಕಥೆಯಾದ್ದರಿಂದ ಯುದ್ಧದಿಂದಲೇ ಶುರು ಮಾಡಬೇಕು. ಆದರೆ ನಮ್ಮ ಕೇರಿಗೆ ಯುದ್ಧ ಬರಲೇ ಇಲ್ಲ. ಒಂದು ಬಾಂಬ್ ಬೀಳಲಿಲ್ಲ, ಒಬ್ಬ ಸಿಪಾಯಿ ಕಾಣಲಿಲ್ಲ. ೧೯೭೧ರ ಡಿಸೆಂಬರಿನಲ್ಲಿ ಅಘನಾಶಿನಿ ಹೊಳೆ ಕಡಲು ಸೇರುವಲ್ಲಿದ್ದ ನಮ್ಮ ಕೇರಿಗೆ ಬಂದದ್ದು ಕುಮಟೆಯಿಂದ ಒಂದು ಸುತ್ತೋಲೆ, ಒಂದು ಸೀಟಿ ಮತ್ತು ತೋಳಿಗೆ ಕಟ್ಟುವ ಒಂದು ಬಟ್ಟೆಪಟ್ಟಿ. ಮೂರೂ ನನ್ನ ಅಪ್ಪನಿಗೆ ಸಿಕ್ಕವು. ಅಪ್ಪ, ವೆಂಕಟ್ರಮಣ ಮಾಸ್ತರ. ಹೊಳೆಯಾಚೆಯ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಿದ್ದರು. ಯುದ್ಧ ಮುಗಿಯುವವರೆಗೆ ಕೇರಿಯ ವಾರ್ಡನ್ ಕೂಡ ಅವರೇ. ಸಂಜೆಯಾದ ಮೇಲೆ ಯಾರ ಮನೆಯಲ್ಲಿ ಬೆಳಕು ಕಂಡರೂ ಸೀಟಿ ಊದುವುದು ಅವರ ಕೆಲಸ.

ಯುದ್ಧ ಬರಲಿಲ್ಲ, ಆದರೂ ಇಬ್ಬರು ಸತ್ತರು. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ ಎಂದರೆ ಒಳ್ಳೆಯ ಮಾತಾಯಿತು. ನಿಜವೆಂದರೆ ಅಪ್ಪನ ಪರವಾಗಿ ಕ್ಷಮೆ ಕೇಳಲು ಬರೆಯಲು ಕೂತೆ. ನಮ್ಮ ಕೇರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು: ಆ ಇಬ್ಬರನ್ನು ಕೊಂದವರು ಮಾಸ್ತರ.

(ನನ್ನ ಹೆಸರು ಮಂಗಲಾ. ಈಗ ೧೯೮೬. ಕುಮಟೆಯ ಅಂಚೆ ಕಚೇರಿಯಲ್ಲಿ ಕ್ಲಾರ್ಕು. ಯುದ್ಧದ ಹೊತ್ತಿಗೆ ನನಗೆ ಹತ್ತು ವರ್ಷ. ಕಥೆಗಾರ್ತಿ ಎಂದು ಹೇಳಿಕೊಳ್ಳಲು ಇನ್ನೂ ಧೈರ್ಯ ಬಂದಿಲ್ಲ.)

೨
ಮೊದಲ ಡ್ರಾಫ್ಟು ಹೀಗಿತ್ತು: "ಬೆಳ್ಳಿಯಂಥ ಕಡಲಿನ ಮೇಲೆ ತುಂಬುಚಂದ್ರ ಮೌನವಾಗಿ ನಗುತ್ತಿದ್ದ."

ಇದನ್ನು ನಾಗಿಗೆ ಓದಿ ಹೇಳಿದೆ. ನಾಗಿ ಯಾರೆಂದು ಹೇಳಿಬಿಡುತ್ತೇನೆ. ಆ ಸಂಜೆ ಅವಳ ಗಂಡ ಸೋಮ, ಮೈದುನ ಜಟ್ಟ, ಅವಳ ಒಡಹುಟ್ಟಿದ ತಮ್ಮ ದಾಸ, ಮೂವರೂ ಒಂದೇ ದೋಣಿಯಲ್ಲಿದ್ದರು. ಸೋಮ ಒಬ್ಬ ಉಳಿದ. ನಾಗಿ ಈಗಲೂ ಬುಟ್ಟಿ ಹೊತ್ತು ಕುಮಟೆಯಲ್ಲಿ ಮೀನು ಮಾರುತ್ತಾಳೆ. ಈ ಬೇಸಿಗೆಯಲ್ಲಿ ಭಾನುವಾರಗಳಂದು ಅವಳ ಮನೆಗೆ ಹೋಗುತ್ತಿದ್ದೆ. ಮೊದಲ ಸಲ ಬಾಗಿಲಲ್ಲೇ ನಿಂತು, "ನಾನು ಮಾಸ್ತರ ಮಗಳು, ಆ ದಿನದ ಬಗ್ಗೆ ಬರೀಬೇಕು" ಎಂದಾಗ ಅವಳು ನನ್ನ ಮುಖ ನೋಡಿ, ಕೂರಲು ಮಣೆ ಕೊಟ್ಟಿದ್ದಳು. ಸೋಮ ಜಗಲಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ. ನನ್ನತ್ತ ತಿರುಗಲಿಲ್ಲ.

ತುಂಬುಚಂದ್ರನನ್ನು ಕೇಳಿ ನಾಗಿ ಕೈಯಲ್ಲಿದ್ದ ಸಿಗಡಿ ಕೆಳಗಿಟ್ಟಳು.

"ಚಂದ್ರ ಎಲ್ಲಿತ್ತು? ಅಮಾಸೆ ಹತ್ರ ಬಂದಿತ್ತು. ಚಂದ್ರ ಇದ್ದಿದ್ರೆ ನಾ ಬೆಂಕಿ ಎಂತಕ್ಕೆ ಹಾಕ್ತಿದ್ದೆ?"

ಚಂದ್ರನನ್ನು ಹೊಡೆದು ಹಾಕಿದೆ. ಅವನ ಜೊತೆ ಬೆಳ್ಳಿ, ಮೌನ, ನಗು ಎಲ್ಲ ಹೋದವು. ಕಾಗದದಲ್ಲಿ ಉಳಿದದ್ದು ಕಡಲು ಮಾತ್ರ.

೩
ಈಗ ನೇರವಾಗಿ ಹೇಳುತ್ತೇನೆ.

ಯುದ್ಧ ಶುರುವಾದ ಮೇಲೆ ಹತ್ತು ದಿನ ಯಾರೂ ಕಡಲಿಗೆ ಇಳಿಯಲಿಲ್ಲ. ಸಂಜೆಯೊಳಗೆ ದೋಣಿಗಳು ದಡ ಸೇರಬೇಕು, ಕತ್ತಲಾದರೆ ಚಿಮಣಿಬುಡ್ಡಿಯನ್ನೂ ಹಚ್ಚಬಾರದು ಎಂದು ಅಪ್ಪ ಮನೆಮನೆಗೆ ಹೋಗಿ ಹೇಳಿದ್ದರು. ಶಾಲೆಯಲ್ಲಿದ್ದ ಒಂದೇ ರೇಡಿಯೋ ನಮ್ಮ ಮನೆಗೆ ಬಂದಿತ್ತು. ಕರಾಚಿ, ಢಾಕಾ, ನಮ್ಮದೇ ಒಂದು ಯುದ್ಧದ ಹಡಗು ಮುಳುಗಿದ್ದು, ಎಲ್ಲವನ್ನೂ ಕೇರಿಯವರು ನಮ್ಮ ಅಂಗಳದಲ್ಲಿ ನಿಂತು ಕೇಳುತ್ತಿದ್ದರು. ಕರಾಚಿ ಎಲ್ಲಿದೆ ಎಂದು ಯಾರೋ ಕೇಳಿದರೆ ಅಪ್ಪ ಕಡಲಿನ ಕಡೆಗೇ ಕೈ ತೋರಿಸಿದರು. ಅದು ತಪ್ಪಾಯಿತು. ಆಮೇಲೆ ಕಡಲಿನಲ್ಲಿ ಕಂಡದ್ದೆಲ್ಲ ಜನರಿಗೆ ಅಲ್ಲಿಂದಲೇ ಬಂದಂತೆ ಕಾಣತೊಡಗಿತು.

ಹನ್ನೊಂದನೆಯ ದಿನ ನಾಗಿಯ ಮನೆಯಲ್ಲಿ ಅಕ್ಕಿ ಮುಗಿಯಿತು. ಅವಳಿಗೆ ಏಳು ತಿಂಗಳ ಕೂಸು, ಎದೆಯಲ್ಲಿ ಹಾಲಿಲ್ಲ. ಸೋಮ, ಜಟ್ಟ, ದಾಸ ಬೆಳಿಗ್ಗೆ ದೋಣಿ ಇಳಿಸಿದರು. "ಹೊತ್ತು ಮುಳುಗೂಕೆ ಮುಂಚೆ ಬತ್ರು" ಎಂದು ನಾಗಿ ಅಪ್ಪನಿಗೆ ಹೇಳಿದಳು. ಅಪ್ಪ ತಡೆಯಲಿಲ್ಲ. ಮಧ್ಯಾಹ್ನದ ಮೇಲೆ ಗಾಳಿ ಬಿತ್ತು. ಹಾಯಿ ಜೋತುಬಿದ್ದು ಹುಟ್ಟು ಹಾಕುತ್ತ ಬರುವಷ್ಟರಲ್ಲಿ ಕತ್ತಲಾಯಿತು.

ಹೊಳೆ ಕಡಲಿಗೆ ಬೀಳುವ ಜಾಗಕ್ಕೆ ಅಳಿವೆ ಅನ್ನುತ್ತಾರೆ. ಅಲ್ಲಿ ನೀರಿನಡಿ ಮರಳಿನ ದಿಬ್ಬ ಇದೆ, ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ. ಒಳಗೆ ಬರಲು ನಾಲ್ಕು ದೋಣಿ ಅಗಲದ ಒಂದೇ ದಾರಿ. ಕತ್ತಲಲ್ಲಿ ಬರುವವರಿಗೆ ಗುರುತಾಗಲೆಂದು ದಂಡೆಯ ತುದಿಯಲ್ಲಿ ಒಣಗಿದ ತೆಂಗಿನ ಗರಿ, ನಮ್ಮ ಕಡೆಯ ಮಡ್ಲು, ಒಟ್ಟಿ ಬೆಂಕಿ ಹಾಕುವುದು ಅಲ್ಲಿಯ ಪದ್ಧತಿ. ನಾಗಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ಹೋಗಿ ಬೆಂಕಿ ಹಾಕಿದಳು.

ಅಪ್ಪ ಸೀಟಿ ಊದುತ್ತ ಓಡಿದರು. ನಮ್ಮ ಮನೆಯ ಹಿತ್ತಿಲಿಂದ ನನಗೆ ಬೆಂಕಿಯೂ ಕಾಣುತ್ತಿತ್ತು, ಸೀಟಿಯೂ ಕೇಳುತ್ತಿತ್ತು. ಆಮೇಲೆ ಆಕಾಶದಲ್ಲಿ ಒಂದು ಶಬ್ದ. ಕೇರಿಯವರೆಲ್ಲ ಹೊರಗೆ ಬಿದ್ದು ಮಕ್ಕಳ ಹೆಸರು ಹಿಡಿದು ಕೂಗತೊಡಗಿದರು. ಅಮ್ಮ ನನ್ನನ್ನು ಎಳೆದು ಬಾವಿಕಟ್ಟೆಯ ಬುಡಕ್ಕೆ ಒತ್ತಿ ಹಿಡಿದಳು. ತಲೆ ಎತ್ತಿದಾಗ ಬೆಂಕಿ ಇರಲಿಲ್ಲ.

ಶಬ್ದ ಹಾಗೇ ದಾಟಿ ಹೋಯಿತು. ನಮ್ಮದೇ ವಿಮಾನ ಎಂದು ಕೆಲವರು, ಮಿರ್ಜಾನದ ಏರಿನಲ್ಲಿ ಲಾರಿ ಎಂದು ಇನ್ನು ಕೆಲವರು. ಏನೆಂದು ಇವತ್ತಿಗೂ ಗೊತ್ತಿಲ್ಲ. ಮತ್ತೆ ಬೆಂಕಿ ಹತ್ತುವ ಮೊದಲೇ ಕಡಲಿನಿಂದ ಕೂಗು ಕೇಳಿತು. ದೋಣಿ ದಿಬ್ಬಕ್ಕೆ ಬಡಿದು ಮಗುಚಿತ್ತು. ಸೋಮ ಈಜಿ ದಡ ಸೇರಿದ. ಜಟ್ಟನ ಹೆಣ ಎರಡು ದಿನದ ಮೇಲೆ ಸಿಕ್ಕಿತು. ದಾಸ ಸಿಗಲೇ ಇಲ್ಲ.

ಬೆಂಕಿ ಆರಿಸಿದವರು ಯಾರು ಎಂದು ಕೇರಿ ಕೇಳಿತು. ಒದ್ದೆ ಪಂಚೆಯಲ್ಲಿ ನಿಂತಿದ್ದ ಅಪ್ಪ, "ನಾನು" ಎಂದರು.

೪
ಇಲ್ಲಿ ಸ್ವಲ್ಪ ನನ್ನ ಬಗ್ಗೆ. (ಬೇಡವಾದರೆ ದಾಟಿ. ದಾಟಿದರೆ ಮುಂದಿನದು ಅರ್ಥವಾಗುವುದಿಲ್ಲ, ಅಷ್ಟೇ.)

ಮರುದಿನದಿಂದ ನಮ್ಮ ಅಂಗಳಕ್ಕೆ ಮೀನಿನ ಬುಟ್ಟಿ ಬರಲಿಲ್ಲ. ಆಟಕ್ಕೆ ಹೋದರೆ ಹುಡುಗಿಯರು ಕೈ ಬಿಡಿಸಿಕೊಂಡರು. ಸೋಮ ಕಡಲು ಬಿಟ್ಟು ಹೊಳೆ ದಾಟಿಸುವ ದೋಣಿಗೆ ಸೇರಿದ. ಅಪ್ಪ ಶಾಲೆಗೆ ಹೋಗಲು ಅದೇ ದೋಣಿ ಹತ್ತಬೇಕು. ಅಪ್ಪ ಹತ್ತಿ ಕೂತರೆ ಸೋಮ ಹುಟ್ಟನ್ನು ಕೆಳಗಿಟ್ಟು ಸುಮ್ಮನೆ ಕೂತುಬಿಡುತ್ತಿದ್ದ. ಒಂದು ಮಾತಿಲ್ಲ. ಕೂತ ಜನರೆಲ್ಲ ಅಪ್ಪನನ್ನೇ ನೋಡುತ್ತಿದ್ದರು. ಮೂರನೆಯ ದಿನ ಅಪ್ಪ ತಾವೇ ಇಳಿದು ಬಂದರು. ಆಮೇಲೆ ವರ್ಗವಾಗುವ ತನಕ ಎರಡು ವರ್ಷ, ಮಿರ್ಜಾನದ ಸೇತುವೆಯ ಮೇಲೆ ಸುತ್ತು ಹಾಕಿ ಸೈಕಲ್ಲಿನಲ್ಲಿ ಶಾಲೆಗೆ ಹೋದರು. ಹೋಗಲು ಎರಡೂವರೆ ತಾಸು, ಬರಲು ಎರಡೂವರೆ ತಾಸು. ಅವರಿಗೆ ಮೊದಲೇ ಉಬ್ಬಸ. ಹೊನ್ನಾವರಕ್ಕೆ ವರ್ಗವಾದ ಮೇಲೆ ಕರ್ಕಿಯಲ್ಲಿ ಬಾಡಿಗೆ ಮನೆ ಮಾಡಿದೆವು. ಎಪ್ಪತ್ತೊಂಬತ್ತರಲ್ಲಿ ಅಲ್ಲಿಯೇ ತೀರಿಕೊಂಡರು.

ಒಮ್ಮೆ ಕೇಳಿದ್ದೆ. "ಅಪ್ಪ, ನೀವು ಯಾಕೆ ಆರಿಸಿದ್ರಿ?"

"ಆತು, ಆಗಿ ಹೋತು. ಪಾಠ ಓದು" ಎಂದರು.

ನಾನು ಅವರನ್ನು ದ್ವೇಷಿಸುತ್ತಿದ್ದೆ. ಬರೆದುಬಿಟ್ಟೆ. ಹೊಡೆದು ಹಾಕುವುದಿಲ್ಲ.

೫
ಎರಡನೆಯ ಡ್ರಾಫ್ಟಿನಲ್ಲಿ ನನ್ನಿಂದ ತಡೆಯಲಾಗಲಿಲ್ಲ. ಅಪ್ಪ ಪಶ್ಚಾತ್ತಾಪಪಟ್ಟು ತಮ್ಮ ಕೈಯಾರೆ ಮತ್ತೆ ಬೆಂಕಿ ಹಚ್ಚುತ್ತಾರೆ. ದೋಣಿ ದಾರಿ ಹಿಡಿಯುತ್ತದೆ. ಮೂವರೂ ದಡ ಸೇರುತ್ತಾರೆ. ಕಥೆಯೆಂದರೆ ಅಷ್ಟು ಸ್ವಾತಂತ್ರ್ಯ ಬೇಡವೇ?

ಓದಿ ಮುಗಿಸಿದೆ. ನಾಗಿ ಬಾಗಿಲ ಕಡೆ ನೋಡಿದಳು.

"ಹಾಗಾದ್ರೆ ದಾಸ ಎಲ್ಲಿ? ಒಳಗೆ ಬರೂಕೆ ಹೇಳು. ಊಟ ಹಾಕ್ತೆ."

ನಾನು ಕಾಗದ ಮಡಚಿದೆ.

"ಕಥೆ ಅಲ್ವಾ ನಾಗಕ್ಕ" ಎಂದೆ.

"ನಿಂಗೆ ಕಥೆ. ಅವ ನನ್ನ ಬೆನ್ನಿಗೆ ಬಿದ್ದವ."

೬
ಮೂರನೆಯ ಡ್ರಾಫ್ಟು ನನಗೇ ಇಷ್ಟವಾಗಿತ್ತು. ಅದರಲ್ಲಿ ಸುಳ್ಳು ಇರಲಿಲ್ಲ. ಮಾಸ್ತರ ಕೊಡಪಾನದಲ್ಲಿ ನೀರು ತಂದು ಬೆಂಕಿಯ ಮೇಲೆ ಸುರಿಯುತ್ತಾರೆ. ಮಗಳು ಹದಿನೈದು ವರ್ಷದ ಮೇಲೆ ಬಂದು ವಿಧವೆಯಾಗದೆ ಉಳಿದ ಹೆಂಗಸಿನ ಎದುರು ಕೈ ಮುಗಿಯುತ್ತಾಳೆ. ಓದುತ್ತ ಆ ಜಾಗಕ್ಕೆ ಬಂದಾಗ ನಿಜವಾಗಿಯೂ ಕೈ ಮುಗಿದೆ.

ನಾಗಿ ನನ್ನ ಕೈ ಹಿಡಿದು ಕೆಳಗಿಳಿಸಿದಳು. ಜಗಲಿಯ ಕಡೆ ನೋಡಿದಳು. ಸೋಮ ಅಲ್ಲಿರಲಿಲ್ಲ, ಬಲೆ ಒಣಗಿಸಲು ದಂಡೆಗೆ ಹೋಗಿದ್ದ. ಆದರೂ ಅವಳ ದನಿ ಇಳಿಯಿತು.

"ಮಾಸ್ತರಿಗೆ ಕೊಡ ಎಲ್ಲಿಂದ ಬಂತು, ತಂಗಿ? ಕೊಡ ನಂದು. ಬೆಂಕಿ ಹುಲ್ಲಿಗೆ ಹತ್ತಿದ್ರೆ ಅಂತ ನಾನೇ ತುಂಬಿ ಇಟ್ಕಂಡಿದ್ದೆ."

ಓದುಗರೇ, ಇಲ್ಲಿ ನನಗೆ ಏನೂ ಹೊಳೆಯಲಿಲ್ಲ. ಕೊಡ ಯಾರದಾದರೇನು ಎಂದುಕೊಂಡೆ. ಪೆನ್ನು ತೆಗೆದು "ನಾಗಿಯ ಕೊಡ" ಎಂದು ತಿದ್ದಲು ಹೊರಟಿದ್ದೆ.

"ನಿಮ್ಮಪ್ಪ ಬಂದ್ರು, ಸೀಟಿ ಊದ್ರು, ಬೈದ್ರು" ಎಂದಳು. "ನಾ ಕಾಲು ಹಿಡ್ಕಂಡೆ. 'ಮೂರು ಜನ, ಮಾಸ್ತರ್ರೇ, ನನ್ನ ಮನೆ ಪೂರ್ತಿ ಆ ದೋಣೀಲೇ' ಹೇಳ್ದೆ. ಅವ್ರು ಸೀಟಿ ಕಿಸೆಗೆ ಹಾಕ್ಕಂಡ್ರು. 'ಆತು, ದೋಣಿ ಬರೋವರೆಗೆ ನಾ ಇಲ್ಲೇ ನಿಲ್ತೆ, ಯಾರಾದ್ರೂ ಕೇಳಿದ್ರೆ ನಾ ಉತ್ತರ ಕೊಡ್ತೆ' ಹೇಳ್ರು. ಅವ್ರೇ ಮಡ್ಲು ಎಳೆದು ಎಳೆದು ಹಾಕ್ರು."

"ಆಮೇಲೆ?"

"ಆಮೇಲೆ ಮೇಲೆ ಸದ್ದಾತು. ನಾ ತಿರುಗಿ ಕೇರಿ ನೋಡ್ದೆ. ನಲವತ್ತು ಮನೆ, ಎಲ್ಲ ಹುಲ್ಲಿನ ಮಾಡು. ಮಕ್ಕಳು ಕೂಗ್ತಿದ್ವು. ನನ್ನ ಸೊಂಟದ ಮೇಲೆ ಕೂಸು ಕೂಗ್ತಿತ್ತು. ಕೈ ಕೊಡಕ್ಕೆ ಹೋತು."

ಅವಳು ಕೈಯನ್ನೇ ನೋಡಿಕೊಂಡಳು. ಅದರಲ್ಲಿ ಸಿಗಡಿ ಸಿಪ್ಪೆ ಅಂಟಿತ್ತು.

"ನಿಮ್ಮಪ್ಪ 'ಬೇಡ ನಾಗಿ, ಬೇಡ' ಹೇಳಿ ಕೊಡ ಹಿಡೂಕೆ ಬಂದ್ರು. ನೀರು ಅವ್ರ ಪಂಚೆ ಮೇಲೂ ಬಿತ್ತು."

೭
ಈ ಅಂಕೆಯ ಕೆಳಗೆ ಬರೆಯಲು ಏನೂ ಇಲ್ಲ. ನಾನು ಅವಳ ಮನೆಯ ಮಣ್ಣುಗೋಡೆ ನೋಡುತ್ತ ಕೂತಿದ್ದೆ.

೮
"ಜನ ಯಾರು ಅಂತ ಕೇಳ್ದಾಗ ನಾ ಬಾಯಿ ತೆಗ್ದೆ" ಎಂದಳು ನಾಗಿ. "ಹೇಳೂಕೇ ತೆಗ್ದೆ. ಅಷ್ಟರಲ್ಲಿ ಅವ್ರು 'ನಾನು' ಹೇಳಿಬಿಟ್ರು. ಆಮೇಲೆ ನನ್ನ ಹತ್ರ ಬಂದು, 'ನೀ ಈ ಮನೇಲಿ ಬಾಳಬೇಕು, ನಾನು ವರ್ಗ ಆಗಿ ಹೋಗವ' ಹೇಳ್ರು. ನಾ ಸುಮ್ನಾದೆ. ಅವತ್ತು ಸುಮ್ನಾದವಳು ಇವತ್ತಿನವರೆಗೂ ಸುಮ್ನೇ."

"ಸೋಮಣ್ಣಗೆ?"

"ಗೊತ್ತಿಲ್ಲ. ಗೊತ್ತಾದ್ರೆ ಈ ಮನೆ ಇರೂದಿಲ್ಲ."

"ಇದನ್ನ ಬರೀಲಾ?"

ಅವಳು ಕೈಗೆ ಅಂಟಿದ್ದ ಸಿಪ್ಪೆ ಬಿಡಿಸಿದಳು. "ಬರಿ. ನಿಮ್ಮಪ್ಪ ಮಾಡದೇ ಇದ್ದದ್ದನ್ನ ಎಷ್ಟು ವರ್ಷ ಹೊರ್ಬೇಕು? ನಮ್ಮನೆಯವ್ರಿಗೆ ಓದೂಕೆ ಬರೂದಿಲ್ಲ. ಮಗಳಿಗೆ ಬತ್ತು, ಅದೊಂದೇ ಹೆದರಿಕೆ."

(ಆ ಕೂಸು ಈಗ ಹೈಸ್ಕೂಲಿಗೆ ಹೋಗುತ್ತಾಳೆ. ನಿಮಗೆ ಹೊಳೆಯಿತಲ್ಲ, ಅವಳ ಕೈಗೆ ಒಂದು ವಾರಪತ್ರಿಕೆ ಸಿಕ್ಕರೆ ಸಾಕು.)

೯
ಮುಕ್ತಾಯವನ್ನು ಆರಿಸಿಕೊಳ್ಳಿ ಎಂದು ನಿಮಗೇ ಬಿಡುವವಳಿದ್ದೆ. ಒಂದು: ನಾಗಿ ಸೋಮನಿಗೆ ಹೇಳುತ್ತಾಳೆ, ಅವನು ಅಳುತ್ತಾನೆ. ಎರಡು: ಹೇಳುತ್ತಾಳೆ, ಅವನು ಹೊರಟು ಹೋಗುತ್ತಾನೆ. ಎರಡನ್ನೂ ನೀಟಾಗಿ ಬರೆದಿದ್ದೆ. ಎರಡೂ ದಂಡ.

ಮುಂದಿನ ಭಾನುವಾರ ಅವರ ಮನೆಯಿಂದ ನಾನು ಹೊರಟಾಗ ಸೋಮ ಬಲೆ ಬಿಟ್ಟು ಎದ್ದ. "ಬಸ್ಸಿಗೆ ಬಿಟ್ಟು ಬತ್ತೆ" ಎಂದು ಯಾರಿಗೋ ಹೇಳುವಂತೆ ಹೇಳಿ ಮುಂದೆ ನಡೆದ. ಹದಿನೈದು ವರ್ಷದಲ್ಲಿ ನಮ್ಮ ಮನೆಯವರಿಗೆ ಅವನು ಆಡಿದ ಮೊದಲ ಮಾತು. ನಾನು ನಾಲ್ಕು ಹೆಜ್ಜೆ ಹಿಂದೆ ನಡೆದೆ. ಉಪ್ಪಿನ ಗದ್ದೆಯ ಬದುವಿನ ಮೇಲೆ ಅವನು ನಿಂತ.

"ಅವಳು ಹೇಳಿದ್ಲು, ಅಲ್ದಾ?"

ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದೆ.

"ನಾವು ಅಷ್ಟು ದೂರ ಇರ್ಲಿಲ್ಲ, ತಂಗಿ. ಬೆಂಕಿ ಎದುರು ನಿಂತವ್ರು ಸರಿಯಾಗಿ ಕಾಣ್ತಿದ್ರು. ಸೊಂಟದ ಮೇಲೆ ಕೂಸು. ಕೊಡ ಎತ್ತಿದ್ದು ಕಂಡ್ತು. ಜಟ್ಟ ಮುಂದೆ ಕೂತಿದ್ದ. 'ಅಣ್ಣ, ಅತ್ತಿಗೆ ಎಂತ ಮಾಡ್ತಾಳೆ?' ಕೇಳ್ದ. ಅಷ್ಟೇ ಅವ ಮಾತಾಡಿದ್ದು."

ನಾನು ಬದುವಿನ ಮೇಲೆ ಅವನ ಎದುರಿಗೆ ಬಂದು ನಿಂತೆ.

"ಗೊತ್ತಿತ್ತು? ಮತ್ತೆ ನಮ್ಮಪ್ಪ ದೋಣಿ ಹತ್ತಿದಾಗ..."

"ಹುಟ್ಟು ಕೆಳಗಿಟ್ಟೆ. ಹೌದು." ಅವನು ನನ್ನ ಮುಖ ನೋಡಲಿಲ್ಲ. "ಸಿಟ್ಟು ಇತ್ತು. ಮನೇಲಿ ಇಟ್ಟಿದ್ರೆ ಅವಳನ್ನ ಕೊಂದು ಹಾಕ್ತಿದ್ದೆ. ಕೂಸು ಸಣ್ಣದು. ನಿಮ್ಮಪ್ಪ 'ನಾನು, ನಾನು' ಹೇಳಿ ಬಂದು ನಿಂತ್ರು. ಅವ್ರ ಮೇಲೆ ಹಾಕ್ದೆ."

"ಅವರಿಗೆ ಉಬ್ಬಸ ಇತ್ತು" ಎಂದೆ. ಅದೊಂದೇ ಬಾಯಿಗೆ ಬಂದದ್ದು.

"ಗೊತ್ತು. ಸೈಕಲ್ ನಿಲ್ಸಿ ನಿಲ್ಸಿ ಕೆಮ್ಮೂದು ಹೊಳೆಯಾಚೆಯಿಂದ ಕಾಣ್ತಿತ್ತು."

ಅವನು ಕ್ಷಮೆ ಕೇಳಲಿಲ್ಲ. ಕೇಳಿದ್ದರೆ ನಾನು ಕೊಡುತ್ತಿರಲಿಲ್ಲ. ಬಸ್ಸು ಬಂತು. ಹತ್ತುವಾಗ ಅವನು ನನ್ನ ಚೀಲ ಎತ್ತಿಕೊಟ್ಟು ಹೇಳಿದ: "ನಂಗೆ ಗೊತ್ತು ಅಂತ ಅವಳಿಗೆ ಹೇಳ್ಬೇಡ. ಗೊತ್ತಾದ್ರೆ ಅವಳು ನನ್ನ ಎದುರು ಹೇಗೆ ಉಣ್ತಾಳೆ?"

೧೦
ಕ್ಷಮೆ ಕೇಳಲು ಹೊರಟ ಕಥೆ ಇದು. ಯಾರು ಯಾರ ಹತ್ತಿರ ಕೇಳಬೇಕು ಎಂಬುದು ಈಗ ನನಗೆ ತಿಳಿಯುತ್ತಿಲ್ಲ. ನಾನು ಕೇಳಬೇಕಾದವರು ಒಬ್ಬರಿದ್ದರು, ಅವರು ಕರ್ಕಿಯಲ್ಲಿ ತೀರಿಕೊಂಡು ಏಳು ವರ್ಷ. ಗಂಡ ಹೆಂಡತಿ ಇಬ್ಬರೂ ಒಂದೇ ಮಾತನ್ನು ಹದಿನೈದು ವರ್ಷ ಒಬ್ಬರಿಂದೊಬ್ಬರು ಮುಚ್ಚಿಟ್ಟು ಒಂದೇ ಒಲೆಯ ಗಂಜಿ ಉಂಡಿದ್ದಾರೆ. ಇದನ್ನು ಪ್ರೀತಿ ಎಂದು ಬರೆಯಲು ಪೆನ್ನು ಎತ್ತಿದೆ. ಆಗಲಿಲ್ಲ. ಕ್ರೌರ್ಯ ಎಂದು ಬರೆಯಲೂ ಆಗಲಿಲ್ಲ. ಅಪ್ಪ ಸೈಕಲ್ಲು ತಳ್ಳುತ್ತಿದ್ದಾರೆ. ಅಷ್ಟು ಮಾತ್ರ ಕಾಣುತ್ತದೆ.

ಇವತ್ತು ಮಂಗಳವಾರ. ಹನ್ನೊಂದು ಗಂಟೆಗೆ ನಾಗಿ ಬುಟ್ಟಿ ಖಾಲಿ ಮಾಡಿಕೊಂಡು ಅಂಚೆ ಕಚೇರಿಗೆ ಬಂದಳು. ಯಾವತ್ತೂ ಬಂದವಳಲ್ಲ. ಕೌಂಟರಿನ ಸರಳು ಹಿಡಿದು ಕೇಳಿದಳು:

"ಅವತ್ತು ಅವ್ರು ನಿನ್ನ ಬಸ್ಸಿಗೆ ಬಿಡೂಕೆ ಬಂದ್ರಲ. ಎಂತ ಹೇಳ್ರು?"

ಅವಳ ಹಿಂದೆ ಮನಿಯಾರ್ಡರಿಗೆ ಬಂದ ಮೂರು ಜನ ನಿಂತಿದ್ದರು. ಅವರದ್ದು ಮುಗಿಸುತ್ತೇನೆ, ಕೂತಿರಿ ನಾಗಕ್ಕ ಎಂದೆ. ಮೂರೂ ಜನ ಹೋದರು. ಆಮೇಲೆ ನಾನು ಮೊಹರು ಒರೆಸಿದೆ, ಗೋಂದಿನ ಬಾಟಲಿಗೆ ಮುಚ್ಚಳ ಹಾಕಿದೆ, ಫಾರಮಿನ ಹಿಂಬದಿಯಲ್ಲಿ ಇಷ್ಟನ್ನು ಬರೆದೆ.

ಅವಳು ಎದುರು ಬೆಂಚಿನ ಮೇಲೆ ಕೂತಿದ್ದಾಳೆ. ನನ್ನನ್ನೇ ನೋಡುತ್ತಿದ್ದಾಳೆ.