ವಾಲದ ಹಂಪಯ್ಯ

"ಹಿಡೀಲೇ, ಮತ್ತ ವಾಲಾಕತ್ತಾನ!"

ಅಯ್ಯಪ್ಪ ಅಣ್ಣನ ಎಡಭುಜಕ್ಕೆ ಕೈ ಕೊಟ್ಟು ಗೋಡೆಗೆ ಒತ್ತಿದ. ಕೈ ತೆಗೆದೊಡನೆ ಹಂಪಯ್ಯನ ಹೆಣ ಮತ್ತೆ ಎಡಕ್ಕೆ ಜಾರಿತು. ಬೆನ್ನಿಗೆ ಮಡಚಿದ ಗೋಣಿಚೀಲ ಕೊಟ್ಟರು. ಎಡತೊಡೆಯ ಕೆಳಗೆ ಇಟ್ಟಿಗೆ ಇಟ್ಟರು. ಕೊನೆಗೆ ಗೋಡೆಗೆ ಎರಡು ಮೊಳೆ ಹೊಡೆದು, ಎದೆಗೆ ಸುತ್ತಿದ ಪಂಜೆಯನ್ನು ಬಿಗಿದು ಕಟ್ಟಿದರು. ಆಗ ನಿಂತಿತು.

"ಇದ್ದಾಗ ವಾಲಲಿಲ್ಲ, ಸತ್ತ ಮ್ಯಾಲ ವಾಲಾಕತ್ತಾನ ನೋಡಪಾ," ಎಂದ ಅಕ್ಕಿಗಿರಣಿಯ ಹಮಾಲಿ ಆದೆಪ್ಪ. ಬಾಗಿಲಲ್ಲಿದ್ದ ಇಬ್ಬರು ನಕ್ಕರು. ನಕ್ಕವರು ಮೂಕಮ್ಮನ ಕಡೆ ನೋಡಿ ಬಾಯಿಗೆ ಟವೆಲ್ಲು ಇಟ್ಟುಕೊಂಡರು.

ಮೂಕಮ್ಮ ಗಂಡನ ಪಾದದ ಹತ್ತಿರ ಕೂತಿದ್ದಳು. ಬೆಳಗಿನಿಂದ ಅತ್ತಿರಲಿಲ್ಲ.

"ನಗ್ರಿ. ಎಂಟು ವರ್ಷ ನಕ್ಕೀರಿ, ಇವತ್ತೊಂದಿನ ಯಾಕ ಬಿಡತೀರಿ?"

"ನಾ ಮನಸಿನಾಗ ಇಟಗೊಂಡು ಅನ್ನಲಿಲ್ಲಬೇ ಯಕ್ಕಾ."

"ಮನಸಿನಾಗ ಇಲ್ಲದ್ದು ಬಾಯಾಗ ಹೆಂಗ ಬಂತು?"

ಆದೆಪ್ಪ ಬೀಡಿ ಹಚ್ಚುವ ನೆವದಲ್ಲಿ ಹೊರಗೆ ಹೋದ. ಅಂಗಳದಲ್ಲಿ ಹಲಗೆ ಬಾರಿಸುವವರು ಬೆಂಕಿಗೆ ಹಲಗೆ ಹಿಡಿದು ಕಾಯಿಸುತ್ತಿದ್ದರು. ಮಾನವಿಯ ಆ ಕೇರಿಯಲ್ಲಿ ಹೆಣವನ್ನು ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಹೂಳುತ್ತಾರೆ. ದಾರಿ ಮಾತ್ರ ಒಂದೇ. ಹಿಂದಿನ ಕಾಲುವೆ ಏರಿ. ಪೇಟೆ ಬೀದಿಯಲ್ಲಿ ಕೇರಿಯ ಹೆಣ ಹಾದದ್ದಿಲ್ಲ.

"ಈಗ ಎತ್ತೂದು ಬ್ಯಾಡ ಅತ್ತಿಗಿ," ಎಂದ ಅಯ್ಯಪ್ಪ. ಅವನ ದನಿಯಲ್ಲಿ ಸಣ್ಣ ಹೆಮ್ಮೆಯಿತ್ತು. "ಗಿರಣಿ ಸಾವ್ಕಾರ್ರು ಹೇಳಿ ಕಳಿಸ್ಯಾರ. ದೇವದುರ್ಗದ ಆಕಡೆ ಹೊಳಿದಂಡಿಗೆ ಹೈದರಾಬಾದಿನ ಫಟಫಟಿ ಮಂದಿ ಮತ್ತ ಟೆಂಟ್ ಹೊಡದಾರಂತ. ಸಾವ್ಕಾರ್ರೂ ಅಲ್ಲೇ ಅದಾರ, ಅಲ್ಲಿಂದ ಸೀದಾ ಬರತಾರಂತ."

"ಬರಲಿ. ಸಾವ್ಕಾರ್ರ ಬಾಯಿಂದ ನನಗ ಒಂದು ಮಾತು ಬೇಕಾಗ್ಯದ. ಅದನ್ನ ಕೇಳೇ ಎತ್ತೂದು."

*

ಗಿರಣಿ ಮಾಲೀಕ ಗಡಿಗೆಪ್ಪನ ಹತ್ತಿರ ಅವರಪ್ಪನ ಕಾಲದ ಒಂದು ಮೋಟರ್‌ಸೈಕಲ್ ಇತ್ತು. ಅದರ ಎಡಮಗ್ಗುಲಿಗೆ ಒಂಟಿ ಚಕ್ರದ ಸೈಡ್‌ಕಾರ್. ಊರವರು ಅದನ್ನು ತೊಟ್ಟಿಲು ಎನ್ನುತ್ತಿದ್ದರು. ತೊಟ್ಟಿಲು ಹಗುರವಿದ್ದರೆ ಎಡತಿರುವಿನಲ್ಲಿ ಅದರ ಚಕ್ರ ನೆಲ ಬಿಟ್ಟು ಏಳುತ್ತದೆ, ಗಾಡಿ ಮಗುಚುತ್ತದೆ. ಅದಕ್ಕೆಂದು ಮೊದಮೊದಲು ಒಂದು ಭತ್ತದ ಚೀಲ ಇಡುತ್ತಿದ್ದರು. ಚೀಲಕ್ಕೆ ತೂಕವಿತ್ತು, ವಾಲಲು ಬರುತ್ತಿರಲಿಲ್ಲ. ಹಾಗಾಗಿ ಚೀಲ ಹೊರುವ ಹಂಪಯ್ಯನನ್ನೇ ಕೂರಿಸಿದರು.

ಎಡತಿರುವು ಬಂದಾಗ ಹಂಪಯ್ಯ ಅಂಚು ಹಿಡಿದು ಮೈಯೆಲ್ಲ ಹೊರಗೆ ಚಾಚುತ್ತಿದ್ದ. ತಲೆ ರಸ್ತೆಗೆ ತಾಗುತ್ತದೇನೋ ಎಂದು ಸಿರವಾರದ ಸಂತೆಗೆ ಹೊರಟ ಹೆಂಗಸರು ಕೂಗಿಕೊಳ್ಳುತ್ತಿದ್ದರು. ಅವನು ನಗುತ್ತಿದ್ದ. ಮನೆಗೆ ಬಂದು ಹೇಳುತ್ತಿದ್ದ:

"ನಾ ವಾಲಿದರ ಸಾವ್ಕಾರ್ರು ಉಳೀತಾರ. ಇಲ್ಲಂದ್ರ ಇಲ್ಲ."

"ಪಗಾರ ಜಾಸ್ತಿ ಮಾಡ್ಯಾರೇನು?" ಎಂದು ಮೂಕಮ್ಮ ಕೇಳಿದ್ದಳು.

"ಇಲ್ಲ."

"ಮತ್ತ?"

"ಗಾಳಿ ಬರತದಬೇ. ಚಂದ ಗಾಳಿ."

ಎಪ್ಪತ್ತೆಂಟರ ಚಳಿಗಾಲದಲ್ಲಿ ಕೃಷ್ಣೆಯ ದಂಡೆಗೆ ಮೊದಲ ಸಲ ಹೈದರಾಬಾದಿನ ಮೋಟರ್‌ಸೈಕಲ್ ಕ್ಲಬ್ಬಿನವರು ಬಂದರು. ಶನಿವಾರ ಮರಳಿನಲ್ಲಿ ಸಾಲಾಗಿ ಟೆಂಟುಗಳೆದ್ದವು. ಕೆಲವು ಗಾಡಿಗಳಿಗೆ ತೊಟ್ಟಿಲಿತ್ತು, ಅದರಲ್ಲಿ ಅವರ ಹೆಂಡಿರು ಕೂತು ಬಂದಿದ್ದರು. ಹಂಪಯ್ಯನಿಗೆ ಯಾವ ಟೆಂಟಿನಲ್ಲೂ ಜಾಗವಿರಲಿಲ್ಲ. ಎಲೆಯಲ್ಲಿ ಕೊಟ್ಟದ್ದನ್ನು ಗಾಡಿಯ ಮರೆಗೆ ಕೂತು ಉಂಡು, ಕಾಲು ಹೊರಗೆ ಹಾಕಿ ತೊಟ್ಟಿಲಲ್ಲೇ ಮಲಗಿದ.

ಭಾನುವಾರ ಬೆಳಿಗ್ಗೆ ಪಂದ್ಯ. ಎಡತಿರುವಿನ ಬಂಡೆಯ ಮೇಲೆ ಒಬ್ಬ ಕ್ಯಾಮೆರಾ ಹಿಡಿದು ನಿಂತಿದ್ದ. ಗಡಿಗೆಪ್ಪ ತನ್ನ ಹಳೆಯ ಕೋಟನ್ನೂ ಕಪ್ಪು ಕನ್ನಡಕವನ್ನೂ ಹಂಪಯ್ಯನಿಗೆ ತೊಡಿಸಿದ.

"ಇವತ್ತ ಮಂಗ್ಯಾನಂಗ ಜೋತು ಬೀಳಬ್ಯಾಡ. ದೊಡ್ಡ ಮಂದಿ ನೋಡ್ತಾರ. ಕೈ ಕಟ್ಟಿ ನೆಟ್ಟಗ ಕುಂದರು. ಫೋಟೋ ಹೊಡೀತಾರ."

"ಯಪ್ಪಾ, ಅಲ್ಲಿ ತಿರುವು..."

"ಹೇಳಿದಷ್ಟು ಮಾಡಲೇ."

ಇಂಜಿನ್ ಇನ್ನೂ ಶುರುವಾಗಿರಲಿಲ್ಲ. ರಾಯಚೂರಿನಿಂದ ಬಂದಿದ್ದ ಮೆಕ್ಯಾನಿಕ್ ಮೀರಾಹುಸೇನ ಪ್ಲಗ್ ಬಿಚ್ಚಿ ಒರೆಸುತ್ತಿದ್ದ. ತಲೆಯೆತ್ತಿ ಇಬ್ಬರನ್ನೂ ನೋಡಿದ. ಮತ್ತೆ ಪ್ಲಗ್ ಒರೆಸಿದ.

ಹಂಪಯ್ಯ ಹೇಳಿದಷ್ಟು ಮಾಡಿದ. ತಿರುವಿನಲ್ಲಿ ತೊಟ್ಟಿಲು ಎದ್ದಿತು. ಕೈ ಕಟ್ಟಿಕೊಂಡೇ ಹಾರಿ ಬಂಡೆಗೆ ಬಿದ್ದ. ಎಡ ಸೊಂಟದ ಎಲುಬು ಮುರಿಯಿತು. ಗಡಿಗೆಪ್ಪನ ಮೊಣಕೈ ತರಚಿತು.

"ವಾಲಲಿಲ್ಲರೀ ಇವ," ಓಡಿಬಂದ ಕ್ಲಬ್ಬಿನವರಿಗೆ ಗಡಿಗೆಪ್ಪ ಹೇಳಿದ ಮೊದಲ ಮಾತು ಇದೇ.

ಬಿದ್ದಲ್ಲಿಂದಲೇ ಹಂಪಯ್ಯ, "ಹೌದ್ರಿ, ತಪ್ಪಾತ್ರಿ," ಅಂದ.

ಎಲುಬು ಸೊಟ್ಟಗೆ ಕೂಡಿತು. ಗಿರಣಿಯ ಗೇಟಿನಲ್ಲಿ ಸ್ಟೂಲು ಕೊಟ್ಟು ಕಾವಲಿಗೆ ಕೂರಿಸಿದರು. ಭತ್ತದ ಲಾರಿಯವರು ಒಳಗೆ ಬರುವಾಗ ಹಾರ್ನ್ ಹೊಡೆದು ಕೂಗುತ್ತಿದ್ದರು: "ವಾಲೋ ಹಂಪ್ಯಾ!" ಎಡಗಡೆ ಬಾಗಿ ಕೂತಿರುತ್ತಿದ್ದ ಅವನು ಎದ್ದು ಗೇಟು ತೆಗೆಯುತ್ತಿದ್ದ.

ನಡೆದದ್ದನ್ನು ಅವನು ಹೆಂಡತಿಗೆ ಮಾತ್ರ ಹೇಳಿದ್ದ, ಅದೂ ಒಂದೇ ಸಲ, ದವಾಖಾನೆಯ ಮಂಚದ ಮೇಲೆ.

"ಎಲ್ಲಾರ ಮುಂದ ಹೇಳಬಾರದೇನು ನೀನು?"

"ಹೇಳಿದರ ಸಾವ್ಕಾರ್ರು ಮುಖ ಎಲ್ಲಿ ಇಟಗೋಬೇಕು?"

"ನಿಂದು ಎಲ್ಲಿ ಇಟಗೋತಿ?"

ಹಂಪಯ್ಯ ಗೋಡೆಯ ಕಡೆ ತಿರುಗಿದ್ದ.

*

ಹಲಗೆಯ ಸದ್ದನ್ನು ಮುಳುಗಿಸುತ್ತ ಗಾಡಿ ಕೇರಿಯೊಳಗೆ ಬಂತು. ಹಿಂದೆ ಕ್ಲಬ್ಬಿನವರ ಎರಡು ಗಾಡಿ. ಖಾಲಿ ತೊಟ್ಟಿಲಿನ ಸುತ್ತ ಚೆಂಡುಹೂವಿನ ಸರ. ಗಡಿಗೆಪ್ಪನ ಬೆನ್ನ ಹಿಂದಿನಿಂದ ಮೀರಾಹುಸೇನ ಇಳಿದ. ಅವನ ಗಡ್ಡ ನೆರೆತಿತ್ತು.

ಗಡಿಗೆಪ್ಪ ಹೊಸಿಲು ದಾಟಲಿಲ್ಲ. ಅಲ್ಲಿಂದಲೇ ಕೈ ಮುಗಿದ.

"ಭಾಳ ನಂಬಿಗಸ್ಥ ಇದ್ದ. ಅವತ್ತೊಂದಿನ ವಾಲಿದ್ದರ..." ಎಂದು ಲೊಚಗುಟ್ಟಿದ.

ಮೂಕಮ್ಮ ಎದ್ದಳು.

"ಸಾವ್ಕಾರ್ರ, ಅವತ್ತು ಇವನಿಗೆ ನೀವು ಏನು ಹೇಳಿದ್ರಿ? ಇಷ್ಟು ಮಂದಿ ಮುಂದ ಹೇಳ್ರಿ. ನನಗ ಮತ್ತೇನೂ ಬ್ಯಾಡ. ಮಣ್ಣಾಗೂದ್ರಾಗ ಹೇಳ್ರಿ."

ಹಲಗೆ ನಿಂತಿತು.

"ಹಳೇದೆಲ್ಲ ಈಗ ಯಾಕಬೇ ಮೂಕಮ್ಮಾ?"

"ಮೀರಾಣ್ಣಾ, ನೀ ಅಲ್ಲೇ ಇದ್ದಿ. ನೀನರ ಹೇಳು."

ಮೀರಾಹುಸೇನ ಕುಕ್ಕರಗಾಲಲ್ಲಿ ಕೂತು ತೊಟ್ಟಿಲಿನ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದ.

"ನನಗ ಕೇಳಿಸಲಿಲ್ಲಕ್ಕಾ. ಇಂಜಿನ್ ಸದ್ದಿತ್ತು."

ಗಡಿಗೆಪ್ಪ ಮಂದಿಯ ಕಡೆ ತಿರುಗಿದ. ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ಎಲ್ಲಾರೂ ಕೇಳ್ರಿ. ಹಂಪಯ್ಯನ್ನ ನನ್ನ ಗಾಡ್ಯಾಗ ಒಯ್ಯೂಣು. ನಾನಾ ನಡಸ್ತೀನಿ. ಕಾಲುವಿ ಏರಿಗುಂಟ ಅಲ್ಲ, ಪ್ಯಾಟಿ ಬೀದಿಗುಂಟ. ಯಾವಾವ ತಡೀತಾನ ನೋಡೂಣು!"

ಅಯ್ಯಪ್ಪ ಮೂಕಮ್ಮನ ಹತ್ತಿರ ಓಡಿಬಂದ.

"ಅತ್ತಿಗಿ, ಪ್ಯಾಟಿ ಬೀದಿಗುಂಟ! ನಮ್ಮಪ್ಪ ಹೋದನೇನು, ನಮ್ಮುತ್ಯಾ ಹೋದನೇನು? ಹೂಂ ಅನ್ನು. ಒಂದು ಮಾತಿಗಿ ಇದನ್ನ ಕಳಕೋಬ್ಯಾಡ."

ಆದೆಪ್ಪ ಆಗಲೇ ಗೋಡೆಯ ಮೊಳೆ ಕೀಳಲು ಕಲ್ಲು ತಂದಿದ್ದ. ಕ್ಲಬ್ಬಿನವನೊಬ್ಬ ಚರ್ಮದ ಚೀಲದಿಂದ ಕ್ಯಾಮೆರಾ ತೆಗೆದ. ಗಡಿಗೆಪ್ಪ ಗಾಡಿಯ ಹ್ಯಾಂಡಲ್ ಹಿಡಿದು ಮನೆಯೊಳಗೆ ಬಗ್ಗಿ ನೋಡಿದ.

"ಹೆಂಗೂ ಕುಂದ್ರಸೀರಿ. ಬಿಗಿಯಾಗಿ ಕಟ್ರಿ. ಎರಡೂ ಕೈ ಕಟ್ಟಿಸಿ ನೆಟ್ಟಗ ಕುಂದ್ರಸ್ರಿ. ಇವರು ಫೋಟೋ ಹೊಡೀತಾರ."

ಮೂಕಮ್ಮ ಗೋಡೆಯ ಹತ್ತಿರ ಹೋಗಿ ಗಂಡನ ಎಡಕ್ಕೆ ಕೂತಳು. ಎದೆಗೆ ಕಟ್ಟಿದ್ದ ಪಂಜೆಯ ಗಂಟನ್ನು ತಾನೇ ಬಿಚ್ಚಿದಳು. ಹಂಪಯ್ಯ ನಿಧಾನಕ್ಕೆ ಜಾರಿ, ಪೂರ್ತಿ ಭಾರ ಬಿಟ್ಟು, ಅವಳ ಹೆಗಲಿಗೆ ವಾಲಿದ. ಅವಳು ಅಲುಗಲಿಲ್ಲ.

"ಬ್ಯಾಡ," ಅಂದಳು. "ಗಾಡಿ ತಗೊಂಡು ಹೋಗ್ರಿ."